ಎರಡು ಮಿಲಿಮೀಟರ್ ತೆಳುವಾದ ರೆಕ್ಕೆ

ಐದು ಅಕ್ಷದ ಯಂತ್ರ ನಮ್ಮ ಕಾರ್ಖಾನೆಗೆ ಬಂದ ಮೊದಲ ಬೇಸಿಗೆ ಅದು. ಸೈದಾಪುರದ ಹತ್ತಿರ, ಕಡೇಚೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪ್ಯಾಟರ್ನ್ ಕಾರ್ಖಾನೆಯಲ್ಲಿ ನಾನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಆಜ್ಞೆಯಂತೆ ಕೆತ್ತುವ ಯಂತ್ರದ, ಆಪರೇಟರ್ ಆಗಿದ್ದೆ. ಪ್ಯಾಟರ್ನ್ ಎಂದರೆ ಮರದ ಮಾದರಿ. ಫೌಂಡ್ರಿಯವರು ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಆ ಗುಳಿಯಲ್ಲಿ ಕರಗಿದ ಲೋಹ ಸುರಿಯುತ್ತಾರೆ. ಮಾದರಿಯಲ್ಲಿ ಏನು ತಪ್ಪಿದೆಯೋ ಅದೇ ತಪ್ಪು ಲೋಹದಲ್ಲೂ ಮೂಡುತ್ತದೆ.

ಸುರಪುರದ ಐಟಿಐಯಲ್ಲಿ ಕಲಿತು ಬಂದು ಎಂಟು ವರ್ಷ ಮೂರು ಅಕ್ಷದ ರೂಟರ್ ಓಡಿಸಿದ್ದೆ. ಮರ ಕೆತ್ತುವ ಆ ಯಂತ್ರದಲ್ಲಿ ಕಟರ್ ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ, ಮೇಲೆ ಕೆಳಗೆ ಹೋಗುತ್ತದೆ, ಆದರೆ ಸದಾ ನೆಟ್ಟಗೇ ನಿಂತಿರುತ್ತದೆ. ಹೊಸ ಯಂತ್ರದ ತಲೆ ಹಾಗಲ್ಲ. ಅದು ತಿರುಗುತ್ತದೆ, ವಾಲುತ್ತದೆ. ಅದನ್ನು ಓಡಿಸಲು ಮ್ಯಾನೇಜರ್ ಶರಣಪ್ಪ ಸರ್ ನನ್ನನ್ನೇ ಆರಿಸಿದಾಗ ಮನೆಯಲ್ಲಿ ಪೇಢೆ ಹಂಚಿದ್ದರು.

ಏಪ್ರಿಲ್‌ನ ಒಂದು ಬೆಳಿಗ್ಗೆ ಶಹಾಪುರದ ಕಡೆಯಿಂದ ಸಾಯಬಣ್ಣ ಎಂಬುವವರು ಟಂಟಂ ಆಟೊದಲ್ಲಿ ಗೋಣಿಚೀಲ ಹಾಕಿಕೊಂಡು ಬಂದರು. ಕಾಲುವೆಯಿಂದ ತಮ್ಮೂರ ಕುಡಿಯುವ ನೀರಿನ ಕೆರೆಗೆ ನೀರೆತ್ತುವ ಪಂಪಿನ ಆಪರೇಟರ್ ಅವರು. ಚೀಲದಲ್ಲಿ ಮುರಿದ ಇಂಪೆಲ್ಲರ್ ಇತ್ತು. ಪಂಪಿನ ಒಳಗೆ ತಿರುಗಿ ನೀರನ್ನು ಮೇಲೆ ತಳ್ಳುವ ರೆಕ್ಕೆಗಾಲಿ ಅದು. ಐದು ರೆಕ್ಕೆಗಳಲ್ಲಿ ಎರಡು ಬುಡಸಮೇತ ಹೋಗಿದ್ದವು.

"ಹದಿನಾಲ್ಕು ದಿನಕ್ಕ ಕಾಲುವಿ ಬಂದ್ ಆಗ್ತದ್ರಿ ಸರ್," ಎಂದರು. "ಕೆರಿ ತುಂಬಾಕ ಮೂರು ದಿನ ಪಂಪ್ ಓಡಬೇಕು. ತುಂಬಲಿಲ್ಲಂದ್ರ ಮಳಿ ಬರೂತನಕ ಬೋರಿನ ಸವಳ ನೀರೇ ಗತಿ. ಅದನ್ನ ಕುಡದು ಹೋದ ವರ್ಷ ಊರ ಮಂದಿಗೆಲ್ಲ ಹೊಟ್ಟಿ ಕೆಟ್ಟಿತ್ರಿ."

ಶರಣಪ್ಪ ಸರ್ ಬೋರ್ಡಿನ ಮೇಲೆ ಲೆಕ್ಕ ಬರೆದರು. ಎರಕಕ್ಕೆ ನಾಲ್ಕು ದಿನ, ಲೇತ್ ಕೆಲಸಕ್ಕೆ ಎರಡು, ಒಯ್ದು ಕೂಡಿಸಲು ಒಂದು, ಕೆರೆ ತುಂಬಲು ಮೂರು. ನಮಗೆ ಉಳಿದದ್ದು ನಾಲ್ಕು ದಿನ.

ಮುರಿಯದೆ ಉಳಿದ ರೆಕ್ಕೆಗಳ ಅಳತೆ ತೆಗೆದು, ಡ್ರಾಯಿಂಗ್ ಮಾಡಿ, ಪ್ರೋಗ್ರಾಂ ಬರೆದು ಕೆತ್ತನೆ ಶುರುಮಾಡಿದೆ. ಕೊನೆಯ ನಯಗೆಲಸದ ಹೊತ್ತಿಗೆ ಮರದ ಗಂಟಿಗೆ ತಾಗಿ ಕಟರ್ ಮುರಿಯಿತು. ಅಷ್ಟೇ ದಪ್ಪದ ಹೊಸ ಕಟರ್ ಹಾಕಿದೆ. ಅದರ ತುದಿಯನ್ನು ಮರದ ಮೇಲ್ಮೈಗೆ ತಾಗಿಸಿ, ಅಲ್ಲಿಂದ ಎತ್ತರದ ಲೆಕ್ಕ ಸೊನ್ನೆಯಾಗಲಿ ಎಂದು ಯಂತ್ರಕ್ಕೆ ತಿಳಿಸಿ ಮುಂದುವರಿದೆ. ಎಂಟು ವರ್ಷ ಹಾಗೇ ಮಾಡಿದ್ದೆ. ಕೈ ತಾನಾಗಿಯೇ ಮಾಡಿತು.

ಎರಡನೆಯ ದಿನ ಸಂಜೆ ಪ್ಯಾಟರ್ನ್ ಮುಗಿಯಿತು. ಅದನ್ನು ತಪಾಸಣೆ ಮಾಡುವವರು ಮಾನಪ್ಪ ಕಾಕಾ. ಯಂತ್ರಗಳು ಬರುವ ಮೊದಲು ಉಳಿ, ಕೈಗರಗಸದಿಂದಲೇ ಪ್ಯಾಟರ್ನ್ ಮಾಡುತ್ತಿದ್ದ ಹಿರಿಯ ಬಡಿಗ. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಒಂದೊಂದೇ ರೆಕ್ಕೆ ಅಳೆದರು, ಮತ್ತೊಮ್ಮೆ ಅಳೆದರು.

"ಸುನಂದವ್ವಾ, ರೆಕ್ಕಿ ತೆಳ್ಳಗ ಆಗ್ಯಾವಲ್ಲ. ಹನ್ನೆರಡು ಇರಬೇಕು, ನಡುವ ಹತ್ತೇ ಅದ."

ನಾನು ಅಳೆದೆ. ಹತ್ತು ಮಿಲಿಮೀಟರೇ. ರೆಕ್ಕೆಗಳೆಲ್ಲ ಕೂಡುವ ನಡುವಿನ ಗುಂಬ ಸರಿಯಿತ್ತು, ಮೇಲಿನ ಅಂಚೂ ಸರಿಯಿತ್ತು, ರೆಕ್ಕೆ ಮಾತ್ರ ತಪ್ಪಿತ್ತು. ಶರಣಪ್ಪ ಸರ್ ಮುಖ ಕೆಂಪಾಯಿತು. "ಪುಟ್ಟಿ ಹಚ್ಚಿ ದಪ್ಪ ಮಾಡ್ರಿ, ಕಳಸೂಣು," ಎಂದರು.

ಕಾಕಾ ಒಪ್ಪಲಿಲ್ಲ. "ಒಂದೊಂದು ಕಡಿ ಒಂದೊಂದು ನಮೂನಿ ತೆಳ್ಳಗ ಅದರಿ ಸರ್. ನಡುವ ಎರಡು ಹೋಗ್ಯಾದ, ಬುಡಕ್ಕ ಅರ್ಧ ಹೋಗ್ಯಾದ. ಅಂದಾಜಿಲೆ ಹಚ್ಚಿದ್ರ ತೂಕ ತಪ್ಪತದ. ತೂಕ ತಪ್ಪಿದ ಗಾಲಿ ಬೇರಿಂಗ್ ತಿಂದು ಹಾಕ್ತದ."

ಹಾಗಾದರೆ ಯಂತ್ರದ ತಲೆಯೇ ಕೆಟ್ಟಿದೆ ಎಂದು ಸರ್ ತೀರ್ಮಾನಿಸಿದರು. ಯಂತ್ರ ಮಾರಿದ ಕಂಪನಿಗೆ ಫೋನ್ ಮಾಡಿದರು. ಸರ್ವಿಸ್ ಎಂಜಿನಿಯರ್ ಬರಲು ನಾಲ್ಕು ದಿನ ಬೇಕಿತ್ತು, ನಮ್ಮ ಹತ್ತಿರ ಇದ್ದದ್ದು ಎರಡೇ. ಮರುದಿನ ಮಧ್ಯಾಹ್ನದವರೆಗೆ ಸಮಯ ಕೊಡಿ, ತಪ್ಪು ಎಲ್ಲಿದೆ ಎಂದು ನಾನೇ ಹುಡುಕುತ್ತೇನೆ ಎಂದೆ. "ಸಿಗಲಿಲ್ಲಂದ್ರ?" ಎಂದರು. "ಸಿಗೂತನಕ ಏಳಂಗಿಲ್ರಿ ಸರ್," ಎಂದೆ.

ಮರುದಿನ ಯಾದಗಿರಿಯಿಂದ ಮೊದಲ ರೈಲು ಹಿಡಿದು ಬಂದೆ. ಪ್ರೋಗ್ರಾಂ ಅನ್ನು ಸಾಲು ಸಾಲಾಗಿ ಓದಿದೆ, ಸರಿಯಿತ್ತು. ಮರ ಅಲುಗಾಡಿತ್ತೇ ನೋಡಿದೆ, ಇಲ್ಲ. ಒಂಬತ್ತೂವರೆಗೆ ಕಾಕಾ ಚಹಾ ತಂದುಕೊಟ್ಟು ಪಕ್ಕದಲ್ಲಿ ನಿಂತರು.

"ಎಲ್ಲೆಲ್ಲಿ ತಲಿ ನೆಟ್ಟಗ ನಿಂತು ಕೆತ್ಯಾದ, ಅಲ್ಲೆಲ್ಲ ಸರಿ ಅದ ನೋಡವ್ವ. ವಾಲಿದಲ್ಲೇ ತಪ್ಯಾದ. ಹೆಚ್ಚು ವಾಲಿದಲ್ಲಿ ಹೆಚ್ಚು ತಪ್ಯಾದ."

ಆ ಮಾತು ಕೇಳಿ ಚಹಾ ಹಾಗೇ ಇಟ್ಟು ಎದ್ದೆ. ಯಂತ್ರದ ಮೇಜಿಗೆ ಒಂದು ಸೂಜಿಯನ್ನು ನೆಟ್ಟಗೆ ನಿಲ್ಲಿಸಿದೆ. ಕಟರಿನ ತುದಿಯನ್ನು ಸೂಜಿಯ ಮೊನೆಗೆ ಸರಿಯಾಗಿ ತಂದೆ. ಈಗ ತಲೆಯನ್ನು ಮಾತ್ರ ಮೂವತ್ತು ಡಿಗ್ರಿ ವಾಲಿಸು, ತುದಿ ಅಲ್ಲೇ ಇರಲಿ ಎಂದು ಆಜ್ಞೆ ಕೊಟ್ಟೆ. ತುದಿ ಅಲ್ಲಿ ನಿಲ್ಲಲಿಲ್ಲ, ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತು. ಇನ್ನೊಂದು ಕಡೆ ವಾಲಿಸಿದೆ. ಆ ಕಡೆಯೂ ಒಂದು ಮಿಲಿಮೀಟರ್, ರೆಕ್ಕೆಯ ಎರಡೂ ಬದಿ ಸೇರಿ ಎರಡು.

ಇದನ್ನು ಸ್ವಲ್ಪ ವಿವರಿಸಬೇಕು. ಮುಷ್ಟಿಯಲ್ಲಿ ಪೆನ್ನು ಹಿಡಿದು ಮೊನೆಯನ್ನು ಕಾಗದದ ಒಂದು ಚುಕ್ಕೆಯ ಮೇಲಿಡಿ. ಮೊನೆ ಕದಲದಂತೆ ಪೆನ್ನನ್ನು ವಾಲಿಸಬೇಕಾದರೆ ಮುಷ್ಟಿಯೇ ಪಕ್ಕಕ್ಕೆ ಸರಿಯಬೇಕು. ಎಷ್ಟು ಸರಿಯಬೇಕೆಂಬುದು ಪೆನ್ನು ಎಷ್ಟು ಉದ್ದವಿದೆ ಎಂಬುದರ ಮೇಲೆ ನಿಂತಿದೆ. ತಿರುಗುವ ತಲೆಯ ಯಂತ್ರವೂ ಹಾಗೆಯೇ ಲೆಕ್ಕ ಹಾಕುತ್ತದೆ. ಇದಕ್ಕೆ ಟೂಲ್ ಲೆಂಗ್ತ್ ಕಾಂಪೆನ್ಸೇಷನ್ ಎನ್ನುತ್ತಾರೆ. ಉದ್ದ ತಪ್ಪಾಗಿ ತಿಳಿದಿದ್ದರೆ, ಮೂವತ್ತು ಡಿಗ್ರಿ ವಾಲಿದಾಗ ಆ ತಪ್ಪಿನ ಅರ್ಧದಷ್ಟು ತುದಿ ಸರಿಯುತ್ತದೆ. ಒಂದು ಮಿಲಿಮೀಟರ್ ಸರಿದಿದೆ ಎಂದರೆ ಉದ್ದದಲ್ಲಿ ಎರಡರ ವ್ಯತ್ಯಾಸ.

ಕಟರ್ ಬಿಚ್ಚಿ ಅಳೆದೆ. ನೂರಾ ಇಪ್ಪತ್ತು ಮಿಲಿಮೀಟರ್. ಯಂತ್ರದಲ್ಲಿ ಬರೆದಿಡುವ ಕಟರ್‌ಗಳ ಪಟ್ಟಿಯಲ್ಲಿ ಇದ್ದದ್ದು ನೂರಾ ಹದಿನೆಂಟು, ಮುರಿದುಹೋದ ಹಳೆಯ ಕಟರಿನ ಉದ್ದ. ಹಳೆಯ ಯಂತ್ರದಲ್ಲಿ ತುದಿ ತಾಗಿಸಿ ಸೊನ್ನೆ ಮಾಡಿದರೆ ಸಾಕಿತ್ತು, ಏಕೆಂದರೆ ಅದು ಎಂದೂ ವಾಲುವುದಿಲ್ಲ. ಇದಕ್ಕೆ ಹೊಸ ಉದ್ದವನ್ನೇ ಹೇಳಬೇಕಿತ್ತು. ನಾನು ಹೇಳಿರಲಿಲ್ಲ.

ಪಟ್ಟಿಯಲ್ಲಿ ಅಂಕಿ ತಿದ್ದಿ, ಯಂತ್ರ ಈಗ ಸರಿಹೋಯಿತು ಎಂದು ಹೇಳಿ ಸುಮ್ಮನಿರಬಹುದಿತ್ತು. ತಪ್ಪು ತಲೆಯದೇ ಎಂದು ಸರ್ ಆಗಲೇ ನಂಬಿದ್ದರು. ಆದರೆ ಸರ್ವಿಸ್ ಎಂಜಿನಿಯರ್ ಬಂದು, ನಮ್ಮ ದೂರು ನಂಬಿ, ಸರಿಯಾಗಿದ್ದ ತಲೆಯ ಅಳತೆಯನ್ನೇ ಬದಲಿಸಿಬಿಟ್ಟರೆ ಮುಂದಿನ ಪ್ರತಿಯೊಂದು ಕೆಲಸವೂ ಕೆಡುತ್ತಿತ್ತು. ನೇರ ಆಫೀಸಿಗೆ ಹೋದೆ.

"ಸರ್, ಮಷೀನ್ ಸರಿ ಅದ. ತಪ್ಪು ನಂದು. ಕಟರ್ ಬದಲಿಸಿ ಉದ್ದ ಹಾಕಿಲ್ಲ."

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಎಂಟು ವರ್ಷ ಮಷೀನ್ ಓಡಿಸಿದವ್ರು ನೀವು. ಹಿಂಗ ಹೆಂಗ ಆತ್ರಿ?"

"ಎಂಟು ವರ್ಷದ ರೂಢಿನೇ ಮಾಡಿಸ್ತು ಸರ್. ಇನ್ನೊಂದು ಮರ ಕೊಡ್ರಿ. ನಾಳಿ ಸಂಜಿಕ ಮುಗಸ್ತೀನಿ."

ಅಂಟಿಸಿ ಒಣಗಿಸಿದ ಮರದ ದಿಮ್ಮಿ ಇನ್ನೊಂದೇ ಇತ್ತು. ಅವರು ಫೋನ್ ತೆಗೆದು ಸರ್ವಿಸ್ ರದ್ದು ಮಾಡಿ, "ಇದು ಹೋದ್ರ ಬ್ಯಾರೆ ಇಲ್ಲ, ನೆನಪಿರ್ಲಿ," ಎಂದಷ್ಟೇ ಹೇಳಿದರು.

ಮಧ್ಯಾಹ್ನವೇ ಕೆತ್ತನೆ ಹಚ್ಚಿದೆ. ಮರುದಿನ ಹನ್ನೊಂದರ ಸುಮಾರಿಗೆ ಕಟರಿನ ಸದ್ದು ಬದಲಾಯಿತು. ಮೊನೆ ಮೊಂಡಾಗಿತ್ತು. ಯಂತ್ರ ನಿಲ್ಲಿಸಿದೆ. ಸರ್ ಓಡಿಬಂದು ಗಡಿಯಾರ ತೋರಿಸಿದರು. ಹೊಸ ಕಟರ್ ಹಾಕಿ, ಅಳೆದು, ಉದ್ದ ಬರೆದು, ಮತ್ತೆ ಸೂಜಿ ನಿಲ್ಲಿಸಿ ತಲೆಯನ್ನು ಎರಡೂ ಕಡೆ ವಾಲಿಸಿ ನೋಡಿದೆ. ಅರ್ಧ ಗಂಟೆ ಹೋಯಿತು. ತುದಿ ಸೂಜಿ ಬಿಟ್ಟು ಕದಲಲಿಲ್ಲ. ಸರ್ ಅಲ್ಲೇ ನಿಂತು ನೋಡಿದರು.

ಸಂಜೆ ಐದಕ್ಕೆ ಕಾಕಾ ಕ್ಯಾಲಿಪರ್ ಹಿಡಿದರು. ಐದೂ ರೆಕ್ಕೆ ಅಳೆದರು. ಕೊನೆಗೆ, "ಹನ್ನೆರಡು. ಎಲ್ಲಾ ಕಡಿ ಹನ್ನೆರಡು," ಎಂದರು. ಪ್ಯಾಟರ್ನ್ ಕೂಡಲೇ ಫೌಂಡ್ರಿಗೆ ಹೊರಟಿತು.

ಹನ್ನೊಂದನೆಯ ದಿನ ಸಾಯಬಣ್ಣನವರ ಫೋನ್ ಬಂತು. ಪಂಪಿನ ಗದ್ದಲದಲ್ಲಿ ಅವರು ಕೂಗಿ ಹೇಳುತ್ತಿದ್ದರು: "ಪಂಪ್ ಚಾಲೂ ಆತ್ರಿ ಅಕ್ಕಾರ! ನಡಗಂಗಿಲ್ಲ, ಏನಿಲ್ಲ. ನೀರು ಕೆರಿಗೆ ಬಿದ್ದು ಅರ್ಧ ತಾಸಾತು!" ಕಾಲುವೆ ನಿಲ್ಲುವ ಹೊತ್ತಿಗೆ ಕೆರೆ ತುಂಬಿತು.

ಆಮೇಲೆ ನಾನು ಅದೇ ಕಾರ್ಖಾನೆಯಲ್ಲಿ ಹದಿನೈದು ವರ್ಷ ಕೆಲಸ ಮಾಡಿದೆ, ಹಲವರಿಗೆ ಯಂತ್ರ ಕಲಿಸಿದೆ. ಹೊಸದಾಗಿ ಬಂದವರ ಬಗ್ಗೆ ನನಗೆ ಅಷ್ಟು ಭಯವಿರಲಿಲ್ಲ, ಅವರು ಅನುಮಾನ ಬಂದರೆ ಕೇಳುತ್ತಿದ್ದರು. ನನಗೆ ಭಯವಿದ್ದದ್ದು ನನ್ನಂಥ ಪಳಗಿದವರ ಬಗ್ಗೆ. ಆ ಬೇಸಿಗೆಯ ನಂತರ, ಎಷ್ಟೇ ಅವಸರವಿದ್ದರೂ, ಕಟರ್ ಬದಲಿಸಿದಾಗ ನನ್ನ ಕೈಯನ್ನೇ ನಾನು ಮೊದಲು ತಪಾಸಣೆ ಮಾಡುತ್ತಿದ್ದೆ.