ಸೊಕ್ಕೆ ಹುಡುಗಿಯ ರಾಕ್ಷಸ ಮರಿ

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲೇ ಇರಲಿಲ್ಲ. ಇದನ್ನು ಈಗ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಆಗಲೂ ಇರಲಿಲ್ಲ. ಎಪ್ಪತ್ತರ ದಶಕದ ಕೊನೆ, ಬಸವಾಪಟ್ಟಣದಲ್ಲಿ ನಾನು ಮೂರನೇ ಕ್ಲಾಸು. ನನ್ನ ಸುಳ್ಳು ಕೇಳಿ ಕೇಳಿ ಬೇಸತ್ತ ಹುಡುಗಿಯರು ಒಬ್ಬೊಬ್ಬರಾಗಿ ನನಗೆ ಠೂ ಬಿಟ್ಟಿದ್ದರು. ಒಮ್ಮೆ ಠೂ ಅಂದರೆ ಮುಗಿಯಿತು, ಮಾತು ಬಂದ್. ಹಾಗಾಗಿ ಜಗಳೂರು ಕಡೆಯ ಸೊಕ್ಕೆಯಿಂದ ಒಬ್ಬ ಹುಡುಗಿ ಬಂದು, ಅಜ್ಜಿಯ ಮನೆಯಲ್ಲಿದ್ದುಕೊಂಡು ನಮ್ಮ ಕ್ಲಾಸಿಗೆ ಸೇರಿದಾಗ, ನಾನೇ ಓಡಿಹೋಗಿ ಅವಳ ಪಕ್ಕ ಕೂತೆ. ನನ್ನ ಕೀರ್ತಿ ಇನ್ನೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಅವಳಿಗೆ ಊರಿಗೆ ಹೋಗಬೇಕೆಂಬ ಒಂದೇ ಹಟ. ಬೆಳಿಗ್ಗೆ ಶುರುವಾದ ಅಳು ಸಂಜೆ ಗಂಟೆ ಹೊಡೆದರೂ ನಿಲ್ಲಲಿಲ್ಲ. ಸಿಕ್ಕ ಒಬ್ಬ ಗೆಳತಿಯೂ ಹೀಗೆ ಕೈಬಿಟ್ಟರೆ ನನ್ನ ಗತಿಯೇನು?

“ಅಳಬ್ಯಾಡ ಸುಮ್ನಿರು. ನಮ್ಮ ಕ್ಲಾಸಿಗೆ ನಿನಗಿಂತ ದೂರದಿಂದ ಒಬ್ರು ಬಂದಾರೆ, ಅವ್ರೇನು ಅಳ್ತಾರಾ?” ಅಂದೆ.

“ಯಾರು?”

“ರಾಕ್ಷಸ ಮರಿ.”

ಅಳು ಗಕ್ಕನೆ ನಿಂತಿತು. ನಾನು ಬಿಡುತ್ತೇನೆಯೇ! ಆ ಮರಿಗೆ ಕೊಂಬು ಇನ್ನೂ ಮೂಡಿಲ್ಲ. ರಾಕ್ಷಸರ ಶಾಲೆಯಲ್ಲಿ ಗರ್ಜಿಸುವ ಪರೀಕ್ಷೆಯಿಟ್ಟರೆ ಇದರ ಬಾಯಿಂದ ಆಡಿನ ಮರಿಯ ದನಿ ಬಂತು. ಮೇಷ್ಟ್ರು ಹುಣಸೆ ಕೋಲು ತಗೊಂಡರು. ಹೊಡೆತ ತಾಳಲಾರದೆ ಓಡಿಬಂದು ನಮ್ಮ ಶಾಲೆ ಸೇರಿದೆ, ನಮ್ಮಿಬ್ಬರ ನಡುವೆ ಕೂರುತ್ತದೆ, ಯಾರಿಗೂ ಕಾಣುವುದಿಲ್ಲ. ದಿನಕ್ಕೊಂದು ಕಥೆ ಹೊಸೆದೆ. ಅವಳು ತನ್ನ ಮಂಡಕ್ಕಿಯಲ್ಲಿ ಒಂದು ಹಿಡಿ ಅದಕ್ಕೆಂದು ಎತ್ತಿಡುತ್ತಿದ್ದಳು. ಅವಳು ಅತ್ತ ತಿರುಗಿದಾಗ ಅದನ್ನು ತಿನ್ನುವ ಹೊಣೆ ನನ್ನದೇ.

ಚಳಿಗಾಲ ಬಂತು. ಒಂದು ದಿನ ಅವಳು ಶಾಲೆಗೆ ಬರಲಿಲ್ಲ. ಸಂಜೆ ನೋಡಲು ಹೋದರೆ ಜ್ವರ, ಕೆಂಡದಂಥ ಮೈ. ಅಜ್ಜಿ ಬಾಗಿಲಲ್ಲೇ ನನ್ನನ್ನು ಹಿಡಿದರು.

“ಬಾರವ್ವಾ ಬಾ. ರಾತ್ರಿ ಹಾಸಿಗೆಯಾಗೆ ಇರೋ ಕಂಬಳಿ ತಗಂಡೋಗಿ ಜಗಲಿ ಮ್ಯಾಲೆ ಇಟ್ಟು ಬಂದಾಳೆ. ಯಾಕೆ ಅಂದ್ರೆ, ರಾಕ್ಷಸ ಮರಿಗೆ ಅಂಗಿ ಇಲ್ವಂತೆ! ಏನು ಮೆತ್ತಿಕೊಂಡೈತೋ ನನ್ನ ಕೂಸಿಗೆ!”

ಅಂಗಿ ಇಲ್ಲವೆಂದು ಹೇಳಿದವಳು ನಾನೇ.

ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟೇ ಬರಲಿಲ್ಲ. ಘಾಟು ಬರಲಿಲ್ಲವೆಂದರೆ ದೃಷ್ಟಿ ಜೋರಾಗಿದೆ ಅಂತ ಲೆಕ್ಕ. ಮೂಲೆಯಲ್ಲಿದ್ದ ಕಸಬರಿಗೆ ತಗೊಂಡು, “ಹೋಗ್ತೀಯೋ ಇಲ್ಲೋ ನನ್ನ ಮನೆ ಬಿಟ್ಟು!” ಎಂದು ನೆಲ, ಗೋಡೆ, ಬಾಗಿಲು ಎಲ್ಲಕ್ಕೂ ಬಾರಿಸಿದರು. ಗೆಳತಿ ಎದ್ದು ಕೂತು, “ಹೊಡೀಬ್ಯಾಡಜ್ಜೀ, ಅದು ಸಣ್ಣದೈತೆ!” ಎಂದು ಬೋರಾಡಿ ಅತ್ತಳು. ಗಂಜಿ ಮುಟ್ಟಲಿಲ್ಲ.

“ನಾಳೆ ಬೆಳಿಗ್ಗೆ ಇವರಪ್ಪಗೆ ಹೇಳಿ ಕಳಿಸ್ತೀನಿ. ಸೊಕ್ಕೆಗೆ ಕರ್ಕಂಡೋಗ್ಲಿ. ನನ್ನ ಕೈಲಾಗಲ್ಲ,” ಎಂದು ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇದ್ದೊಬ್ಬ ಗೆಳತಿಯೂ ಹೋದಂತೆಯೇ. ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿದೆ. “ಅಜ್ಜೀ, ರಾಕ್ಷಸ ಮರಿ ಇಲ್ಲವೇ ಇಲ್ಲ. ಎಲ್ಲಾ ನಾನು ಹೇಳಿದ ಸುಳ್ಳು.”

ನಂಬಬೇಕಲ್ಲ! ಅಜ್ಜಿ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿ, “ಅಯ್ಯೋ ಶಿವನೇ, ಇವಳಿಗೂ ಬಡಿದೈತೆ,” ಎಂದು ಇನ್ನೊಂದು ಹಿಡಿ ಉಪ್ಪು ತಂದರು. ಗೆಳತಿ ಮಾತ್ರ ನನ್ನನ್ನೇ ದುರುಗುಟ್ಟಿ ನೋಡಿದಳು.

“ಅದರ ಎದುರಿಗೇ ಅದು ಇಲ್ಲ ಅಂದ್ಯಲ್ಲೇ. ಅದಕ್ಕೆ ಎಷ್ಟು ಬೇಜಾರಾಗಿರಬೇಕು! ಠೂ. ನಿನಗೂ ಠೂ, ಅಜ್ಜಿಗೂ ಠೂ. ತಪ್ಪಾತು ಅನ್ರಿ ಅದಕ್ಕೆ. ಅಲ್ಲೀ ತನಕ ಗಂಜಿ ಕುಡಿಯಲ್ಲ.”

ನನಗೆ ಅಳು ಬಂತು. ಮಾನ ಮರ್ಯಾದೆ ಬಿಟ್ಟು ಎದುರಿಗಿದ್ದ ಕಂಬದ ಕಡೆ ತಿರುಗಿ, “ತಪ್ಪಾತಪ್ಪಾ, ನೀನು ಅದೀಯ,” ಅಂದೆ. ಗಂಜಿಯ ಬಟ್ಟಲು ಆರುತ್ತಿತ್ತು. ಅಜ್ಜಿ ಬಟ್ಟಲು ನೋಡಿದರು, ಮೊಮ್ಮಗಳ ಸೊರಗಿದ ಮುಖ ನೋಡಿದರು. ಕಸಬರಿಗೆ ಕೆಳಗಿಟ್ಟು, ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು: “ಎಲ್ಲಿ ಕುಂತೈತೆ ಅದು? ಯಾವ ಕಡೆ ಮುಖ ಮಾಡಿ ಕೈ ಮುಗೀಲಿ?”

ನಾನು ಕಂಬ ತೋರಿಸಿದೆ. ಅಜ್ಜಿ ಕೈ ಮುಗಿದರು.

“ಅಲ್ಲಲ್ಲ. ಅಲ್ಲಿಲ್ಲ ಅದು,” ಎಂದಳು ಗೆಳತಿ. “ಇಲ್ಲಿ, ನನ್ನ ಮಗ್ಗುಲಾಗೆ ಐತೆ.”

ಹುಟ್ಟಿಸಿದವಳು ನಾನು, ಅದಿರುವುದು ಅವಳ ಮಗ್ಗುಲಲ್ಲಿ! ಹೊಟ್ಟೆ ಉರಿಯಿತು. ಅಜ್ಜಿ ಮಾತ್ರ ಚಾಪೆಯ ಆ ಖಾಲಿ ಜಾಗಕ್ಕೆ ಇನ್ನೊಮ್ಮೆ ಕೈ ಮುಗಿದು, “ಮುದುಕಿಗೆ ಗೊತ್ತಾಗ್ಲಿಲ್ಲಪ್ಪಾ, ಸಿಟ್ಟು ಮಾಡ್ಕಬ್ಯಾಡ,” ಎಂದರು. ಗೆಳತಿ ಬಾಯಿ ತೆರೆದಳು. ಬಟ್ಟಲು ಖಾಲಿಯಾಗುವವರೆಗೂ ಅಜ್ಜಿ ಉಣ್ಣಿಸಿ, ಅವಳ ಮೂತಿ ಒರೆಸಿ, ನನ್ನ ಕಡೆ ತಿರುಗಿದರು.

“ಜ್ವರ ಬಿಡ್ಲಿ. ಆಮ್ಯಾಲೆ ಮೂರೂ ಜನ ಕೂಡಿ ಸಾಲಿಗೆ ಹೋಗ್ರಿ.”