ಹೊಲಿಯದೆ ಬಿಟ್ಟ ಗಾಯ

ಎಂಟು ತಿಂಗಳು ನನ್ನ ಸಣ್ಣಕರುಳಿನ ಒಂದು ತುದಿ ಹೊಟ್ಟೆಯ ಬಲಗಡೆ ಹೊರಗಿತ್ತು, ಮಲ ಬೀಳಲು ಅದಕ್ಕೊಂದು ಚೀಲ. ಗಡ್ಡೆ ತೆಗೆದ ದೊಡ್ಡಕರುಳು ಮಾಯುವವರೆಗೆ ಹೀಗೇ ಇರಬೇಕು ಎಂದಿದ್ದರು ಡಾಕ್ಟರು. ಮತ್ತೊಂದು ಆಪರೇಷನ್ ಮಾಡಿ ಕರುಳನ್ನು ಒಳಗೆ ಸೇರಿಸಿದಾಗ, ಪೀಡೆ ತೊಲಗಿತು ಎಂದುಕೊಂಡು ಬಾಳೂರಿನ ಮನೆಗೆ ಬಂದೆ. ಬ್ಯಾಂಡೇಜು ಒದ್ದೆಯಾಗಿದೆ ಎಂದು ಬಿಚ್ಚಿದರೆ, ಚೀಲವಿದ್ದ ಜಾಗದಲ್ಲಿ ತೂತು! ಹೆಬ್ಬೆರಳು ಹೋಗುವಷ್ಟು, ಕೆಂಪಗೆ. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುವಾಗ ಸಿಸ್ಟರ್ ಏನೋ ಹೇಳುತ್ತಿದ್ದರು, ನಾನು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದೆ.

"ಅಯ್ಯಯ್ಯೋ, ಹೊಲಿಯೋದೇ ಮರ್ತು ಬಿಟ್ಟಿದಾರಲ್ಲೇ ಮಾರಾಯ್ತಿ!" ಎಂದು ಅತ್ತೆ ಎದೆಗೆ ಕೈಯಿಟ್ಟುಕೊಂಡರು.

ನಾನು ಟೈಲರು. ಕಂಕುಳು ಹೊಲಿಯದೆ ರವಿಕೆ ಕೊಟ್ಟರೆ ಊರಿನ ಹೆಂಗಸರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ಸಿಟ್ಟು ನೆತ್ತಿಗೇರಿತು.

ನಮ್ಮ ಕಡೆ ಕತ್ತಿ ತಾಗಿದರೆ ಮೊದಲು ಹುಡುಕುವುದು ಕಾಫಿಪುಡಿಯ ಡಬ್ಬಿಯನ್ನು. ಚಿಕೋರಿ ಬೆರೆಸದ ಪುಡಿ ಒತ್ತಿದರೆ ಗಾಯ ಒಣಗುತ್ತದೆ ಎಂದು ತೋಟದವರೆಲ್ಲ ನಂಬಿದ್ದೇವೆ. ಅತ್ತೆ ಹಾಕಿದರು, ನಾನು ಹಾಕಿಸಿಕೊಂಡೆ.

ಮಾರನೆಯ ದಿನ ಮೂಡಿಗೆರೆಯ ಆಸ್ಪತ್ರೆಯಲ್ಲಿ ಸಿಸ್ಟರ್ ಬ್ಯಾಂಡೇಜು ಬಿಚ್ಚಿದವರೇ ಮೂಸಿ ನೋಡಿದರು.

"ಇದೇನಮ್ಮಾ, ಇಲ್ಲಿ ಡಿಕಾಕ್ಷನ್ ಇಳಿಸ್ತಿದೀರಾ?"

ನನಗೆ ನಗು ಬರಲಿಲ್ಲ. ಸಲೈನ್ ಸುರಿದು ತೊಳೆಯುವಷ್ಟು ಹೊತ್ತೂ ಅವರು ಬೈದರು. "ಬೇಕೂಂತಲೇ ಹೊಲ್ದಿಲ್ಲ. ಮೇಲೆ ಬಾಯಿ ಮುಚ್ಚಿದ್ರೆ ಒಳಗೆ ಕೀವು ಕಟ್ಟುತ್ತೆ. ತಳದಿಂದ ತುಂಬ್ಕೊಂಡು ಬರ್ಬೇಕು. ಕೀವಾದ್ರೆ ಮತ್ತೆ ಅಡ್ಮಿಟ್ಟೇ, ನೋಡಿ."

ಮತ್ತೆ ಆ ವಾರ್ಡು, ಆ ವಾಸನೆ! ಬಾಡಿಗೆ ಜೀಪಿನಲ್ಲಿ ಬರುವಾಗ ಡ್ರೈವರ್ ಎದುರಿಗೇ ಅತ್ತೆಯ ಮೇಲೆ ಹರಿಹಾಯ್ದೆ. ಚೀಲ ಸೋರಿದಾಗಲೆಲ್ಲ ಮೂಗು ಮುರಿಯದೆ ನನ್ನ ಸೀರೆ ಒಗೆದವರು ಅವರು. ಅದು ಗೊತ್ತಿದ್ದೂ ಬೈದೆ.

ಮರುದಿನ ಬೆಳಿಗ್ಗೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬಂದು ನಿಂತರು. "ಸಿಸ್ಟರ್ ಮಾಡಿದ್ದು ನೋಡ್ಕೊಂಡಿದೀನಿ. ನಿನ್ ಕೈಲಿ ಆಗಲ್ಲ, ಮಲ್ಕೋ."

ಅಂದಿನಿಂದ ದಿನವೂ ಗಂಜಿಯಾದ ಮೇಲೆ ಸಲೈನಿನಲ್ಲಿ ಅದ್ದಿದ ಗಾಜ್ ಪಟ್ಟಿಯನ್ನು ಚಿಮಟದಲ್ಲಿ ಹಿಡಿದು ಗಾಯದೊಳಗೆ ತುಂಬುತ್ತಿದ್ದರು. "ನಿನ್ನೆ ಗೇಣುದ್ದ ಪಟ್ಟಿ ಹೋಗಿತ್ತು, ಇವತ್ತು ಒಂದು ಬೆರಳು ಕಮ್ಮಿ" ಎಂದು ವರದಿ ಬೇರೆ. ನಾನು ಗೋಡೆ ನೋಡುತ್ತಿದ್ದೆ. ಎಂಟು ತಿಂಗಳು ಕೆಲಸವಿಲ್ಲದೆ ಕೂತಿದ್ದ ದೊಡ್ಡಕರುಳಿಗೆ ಪಾಠ ಮರೆತುಹೋಗಿತ್ತು. ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಡುತ್ತಿದ್ದವಳು, ಬರಬರುತ್ತಾ ನಾಲ್ಕಕ್ಕೆ ಇಳಿದೆ. ಒಂದು ದಿನ ಅನ್ನ, ತಿಳಿಸಾರು ದಕ್ಕಿದಾಗ ಹಬ್ಬ ಮಾಡಿದಷ್ಟು ಖುಷಿಯಾಯಿತು.

ನಾಲ್ಕನೆಯ ವಾರ ಒಂದು ಬೆಳಿಗ್ಗೆ ಅತ್ತೆ ಪಟ್ಟಿಯನ್ನು ಒತ್ತಿದರು, ತೆಗೆದರು, ಮತ್ತೆ ಒತ್ತಿದರು. ಕೀವಾಯಿತೇ?

"ಏನಾಯ್ತತ್ತೆ? ಹೇಳಿ ಮತ್ತೆ!"

"ಪಟ್ಟಿ ಒಳಗೆ ಹೋಗ್ತಾ ಇಲ್ಲ ಕಣೆ. ಹೋಗೋಕೆ ಜಾಗಾನೇ ಇಲ್ಲ."

ಕತ್ತು ಬಗ್ಗಿಸಿ ನೋಡಿದೆ. ಉಗುರಿನಷ್ಟು ಅಗಲಕ್ಕೆ ಹೊಸ ಮಾಂಸ ತುಂಬಿ, ಸುತ್ತಲಿಂದ ಚರ್ಮ ಬರುತ್ತಿತ್ತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ, ಅವರ ಒದ್ದೆ ಕೈ ಹಿಡಿದುಕೊಂಡೆ.

"ಅವತ್ತು ಜೀಪಲ್ಲಿ ಬೈದಿದ್ದು ತಪ್ಪಾಯ್ತತ್ತೆ."

"ನೀನ್ಯಾವಾಗ ಬೈದ್ಯೇ ಮಾರಾಯ್ತಿ?" ಎಂದರು.