ಮಾಳಿಗಿ ಮೇಲಿನ ಜೋಗುಳ

ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಬೇಯಿಸಿದ ಕಡಲಿ ಗುಗ್ಗರಿಯ ವಾಸನಿ ಮೂಗಿಗೆ ಬಡಿಯಿತು ನೋಡ್ರಿ, ನೆನಪಿನ ಪರದೆ ಸರ್ರನೆ ಮೇಲೇರಿತು! ರಂಗದ ಮೇಲೆ ನನ್ನ ತವರೂರು, ಮರಾಠಿ ಸೀಮಿಯ ನಿಲಂಗಾದ ನಮ್ಮ ಓಣಿ, ನಟ್ಟನಡುವೆ ಸೆರಗು ಸಿಗಿಸಿ ನಿಂತ ನಮ್ಮವ್ವ!

ಹೊಸದಾಗಿ ತೆರೆದ ಹೆಣ್ಮಕ್ಕಳ ಮರಾಠಿ ಶಾಲೆಯಲ್ಲಿ ಅವ್ವ ಹಗಲೆಲ್ಲ ಆಯಾ. ಸಂಜೆ ಅರಿವಿ ಅಂಗಡಿ ಸಾವಕಾರರಿಗೆ ಕುಬಸ ಹೊಲಿಯುವಾಕಿ. ಇಷ್ಟರ ಮೇಲೆ ಓಣಿಯ ಯಾವ ಕೂಸಿಗೆ ಹೆಸರಿಟ್ಟರೂ ಜೋಗುಳ ಆಕಿಯದೇ ಆಗಬೇಕು. ಅಂದು ಒಂದೇ ಹೊತ್ತಿಗೆ ಎರಡು ತೊಟ್ಟಿಲು! ಒಂದು ಸಾವಕಾರರ ಮನಿಯಾಗ, ಇನ್ನೊಂದು ಪಕ್ಕದ, ಅವ್ವನ ಶಾಲೆಯ ಹೆಡ್‌ಮಾಸ್ತರರ ಮನಿಯಾಗ. ಮೋರಿ ನೀರಿನ ಜಗಳದಿಂದ ಆ ಎರಡು ಮನಿಗೆ ಮಾತಿಲ್ಲ. ಯಾರ ಕಡೆ ಮೊದಲು ಹೋದರೂ ಇನ್ನೊಬ್ಬರಿಗೆ ಸಿಟ್ಟು. ಶಾಲೆ ಹೋದೀತು, ಇಲ್ಲಾ ಹೊಲಿಗಿ ಹೋದೀತು!

ಅವ್ವ ಏನು ಮಾಡಿದಳು? ನಿಚ್ಚಣಿಕೆ ಹಾಕಿ, ಎರಡೂ ಮನಿಗೆ ಕೂಡಿಕೊಂಡಿದ್ದ ಮಣ್ಣಿನ ಮಾಳಿಗಿ ಏರಿದಳು! ಆ ಕಡೆ ಒಂದು ಅಂಗಳ, ಈ ಕಡೆ ಒಂದು ಅಂಗಳ.

“ಅಗಬಾಯಿ! ಬಿದ್ದಗಿದ್ದೀ!” ಅಂದರು ಮಾಸ್ತರರ ಹೆಂಡತಿ.

“ಬೀಳೂದಿಲ್ರಿ ಅಕ್ಕಾರ. ತೊಟ್ಟಿಲಾ ತೂಗ್ರಿ ಎರಡೂ ಕಡಿ!”

“ನಮ್ಮ ಕಡಿ ಮಾರಿ ಮಾಡಿ ಹಾಡವಾ!” ಅಂತ ಸಾವಕಾರ್ತಿ ಕೂಗಿದರು.

ಅವ್ವ ದನಿ ಎತ್ತಿದಳು. ಎರಡೂ ತೊಟ್ಟಿಲು ಒಂದೇ ತಾಳಕ್ಕೆ ತೂಗಿದವು.

ಮರುದಿನ ಎರಡೂ ಮನಿಯಿಂದ ಅವ್ವಗ ಗುಗ್ಗರಿ ಬಂತು. “ನಮ್ಮ ಕಡಿನೇ ನೋಡಿ ಹಾಡಿದಳು” ಎಂದು ಇಬ್ಬರೂ ಬೀಗಿದರು.

“ಖರೇ ಹೇಳಬೇ, ಯಾರ ಕಡಿ ನೋಡಿದಿ?” ಎಂದು ಕೇಳಿದೆ.

ಕುಬಸದ ದಾರ ಹಲ್ಲಿನಿಂದ ಕಡಿದು ನಕ್ಕಳು ಅವ್ವ. “ಮಾಳಿಗಿ ಅಂಚು ಕಂಡು ಕಾಲು ಗಡಗಡ ನಡಗತಿದ್ದವು. ಕಣ್ಣ ಮುಚ್ಚಿ ಹಾಡೀನಿ, ಹುಚ್ಚಿ!”

ಒಳಗಿಂದ ಸೊಸಿ ಕರೀಲಿಕತ್ತಾಳ: “ಅತ್ತೀ, ಕೂಸು ಅಳ್ಲಿಕತ್ತದ, ಹಾಡಬರ್ರಿ!”

ಬಂದೆ ತಾಯಿ, ಬಂದೆ!